ನಾಲ್ಕನೆಯ ಪದದ ಪೂರ್ವೇತಿಹಾಸ

ಮೂರು ಪದಗಳನ್ನು ಕೊಟ್ಟು, ಮೊದಲೆರಡರ ನಡುವಿನ ಸಂಬಂಧವನ್ನು ಹಿಡಿದು ನಾಲ್ಕನೆಯದನ್ನು ಕೇಳುವ ಪ್ರಶ್ನೆಯ ಚೌಕಟ್ಟು ಮೂಲತಃ ಗಣಿತದ್ದು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ವು ನಿರೂಪಿಸುವ ತ್ರೈರಾಶಿಕದಲ್ಲಿ ಪ್ರಮಾಣ, ಫಲ, ಇಚ್ಛೆ ಎಂಬ ಮೂರು ರಾಶಿಗಳಿಂದ ಇಚ್ಛಾಫಲವೆಂಬ ನಾಲ್ಕನೆಯದನ್ನು ಪಡೆಯಲಾಗುತ್ತದೆ; ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕೆಂಬ ಅದರ ನಿಯಮ ಪದಗಳಿಗೂ ಬಹುಮಟ್ಟಿಗೆ ಹೊಂದುತ್ತದೆ. ಇಂದಿನ ಪ್ರಶ್ನೆಪತ್ರಿಕೆಯಲ್ಲಿ ನಡುವೆ ಕಾಣುವ ನಾಲ್ಕು ಚುಕ್ಕೆಗಳು ಮಾತ್ರ ಇಂಗ್ಲೆಂಡಿನ ವಿಲಿಯಂ ಆಟ್ರೆಡ್ 1631ರ ತನ್ನ ಗಣಿತಗ್ರಂಥದಲ್ಲಿ ಬಳಸಿದ ಚಿಹ್ನೆ.

ಹೋಲಿಕೆಯಿಂದ ಅರಿವು ಹುಟ್ಟುವುದು ಹೇಗೆಂಬ ಚರ್ಚೆಗೆ ಉಡುಪಿ ಸೀಮೆಯ ಕೊಡುಗೆ ವಿಶಿಷ್ಟವಾದುದು. ಗವಯವೆಂಬ ಕಾಡುಮೃಗ ಹಸುವಿನಂತಿರುತ್ತದೆಂದು ಕೇಳಿ ತಿಳಿದವನು ಅದನ್ನು ಕಂಡೊಡನೆ ಗುರುತಿಸುವುದನ್ನು ನೈಯಾಯಿಕರು ಉಪಮಾನವೆಂಬ ಪ್ರತ್ಯೇಕ ಪ್ರಮಾಣವೆಂದು, ಅಂದರೆ ಅರಿವಿನ ಸ್ವತಂತ್ರ ಸಾಧನವೆಂದು ಎಣಿಸಿದರೆ, ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರನ್ನೇ ಒಪ್ಪಿ, ಉಪಮಾನವನ್ನು ಅನುಮಾನದಲ್ಲಿಯೇ ಅಡಗಿಸಿದರು. (ತರ್ಕದ ಈ ಪ್ರಮಾಣಕ್ಕೂ ತ್ರೈರಾಶಿಕದ ಪ್ರಮಾಣಕ್ಕೂ ಹೆಸರೊಂದೇ, ಅರ್ಥ ಬೇರೆ.) ಅನುಮಾನಕ್ಕೆ ವ್ಯಾಪ್ತಿ, ಎಂದರೆ ತಪ್ಪದೆ ಜೊತೆಗಿರುವ ಸಂಬಂಧದ ನಿಯಮ, ಬೇಕು, ಬರಿಯ ಸಾದೃಶ್ಯ ಸಾಲದು. ಪದಸಂಬಂಧದ ಪ್ರಶ್ನೆಯಲ್ಲಿ ಎಡವುವವರು ಎಡವುವುದು ಇಲ್ಲಿಯೇ. ‘ಕಲ್ಯಾಣಪುರ : ಸುವರ್ಣಾ :: ಬಾರ್ಕೂರು : ?’ ಎಂದಾಗ ಎರಡು ಊರುಗಳೂ ಹಳೆಯವೆಂಬ ಹೋಲಿಕೆ ಎಲ್ಲಿಗೂ ಒಯ್ಯದು; ಊರು ಆ ನದಿಯ ದಡದಲ್ಲಿದೆಯೆಂದು ಸಂಬಂಧವನ್ನು ವಾಕ್ಯವಾಗಿ ಹೇಳಿಕೊಂಡವನಿಗೆ ಸೀತಾನದಿ ತಾನಾಗಿ ಒದಗುತ್ತದೆ.

ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಯಾದ ಸ್ಯಾಟ್, 1926ರಲ್ಲಿ ಮೊದಲು ನಡೆದಾಗಲೇ ಬಳಸಿದ್ದ ಈ ಬಗೆಯ ಪ್ರಶ್ನೆಯನ್ನು 2005ರಲ್ಲಿ ಕೈಬಿಟ್ಟಿತು. ಕರ್ನಾಟಕದ ಹತ್ತನೆಯ ತರಗತಿಯ ಕನ್ನಡ ಪತ್ರಿಕೆಯಲ್ಲಿ ಅದು ವ್ಯಾಕರಣದ ಉಡುಪು ತೊಟ್ಟು ಬಂದಿದೆ: ‘ಕಾರ್ಯ : ಕಜ್ಜ :: ಶಯ್ಯಾ : ?’ ಎಂಬಂಥ ಪ್ರಶ್ನೆಗೆ ‘ಸಜ್ಜೆ’ ಎಂಬ ಉತ್ತರ ದೊರೆಯುವುದು, ಸಂಸ್ಕೃತದ ರೂಪವಾದ ತತ್ಸಮವು ಕನ್ನಡದ ನಾಲಗೆಯಲ್ಲಿ ತದ್ಭವವಾಗುವ ನಿಯಮ ತಿಳಿದಾಗ ಮಾತ್ರ. ಆ ನಿಯಮಗಳನ್ನು ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸೂತ್ರಗಳಾಗಿ ಕಟ್ಟಿದ್ದೂ ಮಧ್ವರು ಬದುಕಿದ್ದ 13ನೆಯ ಶತಮಾನದಲ್ಲಿಯೇ.