ಕಿತ್ತಳೆ ಮುಸುಕಿನ ಹಿಂದೆ

ವಾಚಕರೇ, ನಿಮ್ಮ ಮನೆಯ ಬೀರುವಿನಲ್ಲಿಯೂ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಇದ್ದೀತು. ಮುಚ್ಚಳ ತೆರೆದರೆ ಕಿತ್ತಳೆ ಬಣ್ಣದ ಫಿಲ್ಮಿನ ತುಂಡುಗಳು. ಬೆಳಕಿಗೆ ಹಿಡಿದರೆ ಕರಿಯ ಹಲ್ಲು, ಬಿಳಿಯ ಕೂದಲಿನ ಬಂಧುಗಳು. ಗೋಡೆಯ ಪಟ ಮಾಸಿದ ಮೇಲೆ ಅವರ ಮುಖ ಉಳಿದಿರುವುದು ಆ ತುಂಡಿನಲ್ಲಿಯೇ. ಅದೂ ಶಾಶ್ವತವಲ್ಲ. ಬಣ್ಣ ವರ್ಷವರ್ಷಕ್ಕೂ ಇಳಿಯುತ್ತದೆ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಅಸಿಟೇಟ್ ಫಿಲ್ಮಾದರೆ ವಿನಿಗರಿನ ಹುಳಿವಾಸನೆ ಬೀರಿ ಮುದುರಿಕೊಳ್ಳುತ್ತದೆ.

ಅದನ್ನು ಅಂಕಿಗಳಾಗಿ ಮಾರ್ಪಡಿಸಿಡಲು ಈಗ ಅನೇಕರು ಡಿಜಿಟಲ್ ಕ್ಯಾಮರಾವನ್ನೇ ಬಳಸುತ್ತಾರೆ. ಕೆಳಗೆ ಬಿಳಿ ಬೆಳಕಿನ ಫಲಕ, ಅದರ ಮೇಲೆ ನೆಗೆಟಿವ್, ಮೇಲಿನಿಂದ ಮ್ಯಾಕ್ರೋ ಮಸೂರ. ಇಲ್ಲಿ ಚರಿತ್ರೆಯ ಒಂದು ಚೋದ್ಯವಿದೆ. 1890ರ ದಶಕದಲ್ಲಿ ಎಡಿಸನ್ನನ ಕಾರ್ಯಾಗಾರದ ಡಿಕ್ಸನ್ ಎಂಬಾತ ಚಲನಚಿತ್ರಕ್ಕೆಂದು 35 ಮಿ.ಮೀ. ಅಗಲದ ಫಿಲ್ಮನ್ನು ರೂಢಿಗೆ ತಂದ. ಜರ್ಮನಿಯ ಆಸ್ಕರ್ ಬಾರ್ನಾಕ್ ಅದರ ಎರಡು ಚೌಕಟ್ಟುಗಳನ್ನು ಒಂದುಮಾಡಿ 24 × 36 ಮಿ.ಮೀ. ಚಿತ್ರ ತೆಗೆಯುವ ಪುಟ್ಟ ಕ್ಯಾಮರಾ ಕಟ್ಟಿದ. 1925ರಲ್ಲಿ ಅದು ಲೈಕಾ ಎಂಬ ಹೆಸರಿನಿಂದ ಪೇಟೆಗೆ ಬಂತು. ಇಂದಿನ 'ಫುಲ್ ಫ್ರೇಮ್' ಕ್ಯಾಮರಾದ ಸಂವೇದಕದ ಅಳತೆಯೂ ಅದೇ! ತಾತನ ಕೋಟು ಮೊಮ್ಮಗನಿಗೆ ಹೊಲಿಸಿದಂತೆಯೇ ಕೂತಿದೆ.

ಸ್ಲೈಡಿನಲ್ಲಿ ಕಷ್ಟ ಕಡಮೆ. ಅದರಲ್ಲಿ ಬಣ್ಣ ನೇರವಾಗಿಯೇ ಇದೆ. ತೊಡಕಿರುವುದು ಬಣ್ಣದ ನೆಗೆಟಿವಿನಲ್ಲಿ. ಕರಿಯದನ್ನು ಬಿಳಿದಾಗಿ ತಿರುವಿದರೆ ಸಾಕೆಂದು ನಾನೂ ನಂಬಿದ್ದೆ. ತಿರುವಿ ನೋಡಿದರೆ, ಸೋದರತ್ತೆಯ ಮದುವೆಯ ಮಂಟಪವೆಲ್ಲ ಕೆರೆಯಲ್ಲಿ ಮುಳುಗಿದಂತೆ ನೀಲಿ. ಕಾರಣ ಆ ಕಿತ್ತಳೆ ಮುಸುಕು. ಫಿಲ್ಮಿನ ವರ್ಣದ್ರವ್ಯಗಳು ಶುದ್ಧವಲ್ಲ: ಕೆಂಪನ್ನಷ್ಟೇ ತಡೆಯಬೇಕಾದ ಸಯಾನ್ ವರ್ಣ ಹಸಿರು, ನೀಲಿಗಳನ್ನೂ ಸ್ವಲ್ಪ ನುಂಗುತ್ತದೆ, ಹಸಿರನ್ನು ತಡೆಯುವ ಮಜೆಂಟಾ ನೀಲಿಯನ್ನು ನುಂಗುತ್ತದೆ. ಇದನ್ನು ಸರಿದೂಗಿಸಲು 1940ರ ದಶಕದಲ್ಲಿ ಕೊಡಕ್ ಸಂಸ್ಥೆಯ ವೆಸ್ಲಿ ಹ್ಯಾನ್ಸನ್ ಫಿಲ್ಮಿನೊಳಗೇ ಬಣ್ಣವುಳ್ಳ ರಾಸಾಯನಿಕವನ್ನು ಸೇರಿಸಿದ. ವರ್ಣ ಮೂಡಿದಲ್ಲಿ ಅದು ಅಳಿಯುತ್ತದೆ, ಮೂಡದಲ್ಲಿ ಉಳಿಯುತ್ತದೆ. ಎರಡೂ ಸೇರಿ ದೋಷ ಎಲ್ಲೆಡೆ ಸಮನಾಗುತ್ತದೆ. ಸಮನಾದ ದೋಷವನ್ನು ಕಳೆಯುವುದು ಸುಲಭ. ಅಂದು ಮುದ್ರಣದ ಕತ್ತಲೆಕೋಣೆಯಲ್ಲಿ ಬಣ್ಣದ ಶೋಧಕಗಳನ್ನಿಟ್ಟು ಕಳೆಯುತ್ತಿದ್ದರು.

ಇಂದು ಆ ಕೆಲಸ ತಂತ್ರಾಂಶದ್ದು. ಹವ್ಯಾಸಿಗಳು ತಾವೇ ಬರೆದುಕೊಳ್ಳುವುದೂ ಉಂಟು. ಕ್ಯಾಮರಾ ತಾನಾಗಿ ತಿದ್ದಿದ ಕಡತ ಇದಕ್ಕೆ ಒದಗದು, ಸಂವೇದಕ ಕಂಡದ್ದನ್ನು ಕಂಡಂತೆ ಬರೆದಿಟ್ಟ ಕಚ್ಚಾ ಕಡತ ಬೇಕು. ಚಿತ್ರವಿಲ್ಲದ ಅಂಚನ್ನು ಮೊದಲು ಅಳೆದು, ಕೆಂಪು, ಹಸಿರು, ನೀಲಿ ಮೂರನ್ನೂ ಆ ಅಳತೆಯಿಂದ ಪ್ರತ್ಯೇಕವಾಗಿ ಭಾಗಿಸಿ, ಆಮೇಲೆ ತಿರುವಬೇಕು. ಬಳಿಕ ಮೂರರ ಏರಿಳಿತವನ್ನೂ ಬೇರೆಬೇರೆಯಾಗಿ ಹೊಂದಿಸಬೇಕು. ಈ ಹೊಂದಾಣಿಕೆಯಲ್ಲಿ ಗಣಿತವೆಷ್ಟೋ ಊಹೆಯೂ ಅಷ್ಟೇ.

ಅಂತೂ ಮಂಟಪ ನೀರಿನಿಂದ ಮೇಲೆದ್ದಿತು, ಸೀರೆ ಕೆಂಪಾಯಿತು. ಹಿಗ್ಗಿನಿಂದ ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಕೆಂಪೆಲ್ಲಿ ಬಂತೋ? ಅದು ಈರುಳ್ಳಿ ಬಣ್ಣದ ಸೀರೆ" ಎಂದರು. ನಾನು ಮರಳಿ ಅಂಚಿನ ಅಳತೆಯಿಂದ ಆರಂಭಿಸಿದೆ.