ಸರ್ವೆ ಸರಪಳಿಯೂ ಶಾಲೆಯ ನಕಾಶೆಯೂ

ಧಾರವಾಡ ಸೀಮೆಯ ಮಕ್ಕಳಿಗೆ ಭೂಗೋಳ ಕಲಿಸಿದ ಇತಿಹಾಸವನ್ನು ಕಂದಾಯ ಮೋಜಣಿಯಿಂದ, ಎಂದರೆ ತೆರಿಗೆಗಾಗಿ ನೆಲ ಅಳೆದ ಕೆಲಸದಿಂದ, ಬೇರ್ಪಡಿಸಿ ನೋಡುವುದು ಕಷ್ಟ. 1818ರಲ್ಲಿ ಪೇಶ್ವೆಯ ಆಳಿಕೆ ಕೊನೆಗೊಂಡ ಬಳಿಕ ಈ ಸೀಮೆ ಮುಂಬಯಿ ಇಲಾಖೆಗೆ, ಎಂದರೆ ಇಂಗ್ಲಿಷರ ಪಶ್ಚಿಮ ಪ್ರಾಂತಕ್ಕೆ, ಸೇರಿತು. 1840ರ ದಶಕದಲ್ಲಿ ವಿಂಗೇಟ್ ಎಂಬ ಸೇನಾಧಿಕಾರಿಯ ಮುಂದಾಳುತನದಲ್ಲಿ ಇಲ್ಲಿನ ಹೊಲಗಳನ್ನು ಸರಪಳಿ ಹಿಡಿದು ಅಳೆಯಲಾಯಿತು. ಅದುವರೆಗೆ ಒಕ್ಕಲಿಗರ ಅಳತೆ ಕೂರಿಗೆಯದಾಗಿತ್ತು, ಅಂದರೆ ಒಂದು ಕೂರಿಗೆ ದಿನವೊಂದರಲ್ಲಿ ಬಿತ್ತುವಷ್ಟು ನೆಲ. ಮೋಜಣಿಯ ಸರಪಳಿ 33 ಅಡಿ ಉದ್ದದ್ದು. ಅದರ ಹದಿನಾರನೆಯ ಪಾಲಿಗೆ ಆಣೆಯೆಂದು ಹೆಸರು. ಉದ್ದಗಲ ಒಂದೊಂದು ಸರಪಳಿಯಾದರೆ ಒಂದು ಗುಂಟೆ, ಅಂಥ 40 ಗುಂಟೆ ಸೇರಿದರೆ ಒಂದು ಎಕರೆ.

ನಕಾಶೆಯ ಮೇಲಿನ ಅಂತರಕ್ಕೂ ನೆಲದ ಮೇಲಿನ ಅಂತರಕ್ಕೂ ಇರುವ ನಿಶ್ಚಿತ ಅನುಪಾತವೇ ಪ್ರಮಾಣ. ಈ ಮೋಜಣಿಯಿಂದ ಸಿದ್ಧವಾಗಿ ಊರ ಚಾವಡಿಯಲ್ಲಿ, ಎಂದರೆ ಗ್ರಾಮದ ಕಚೇರಿಯಲ್ಲಿ, ಇರುತ್ತಿದ್ದ ಗ್ರಾಮ ನಕಾಶೆಯ ಪ್ರಮಾಣ 1:7,920, ಎಂದರೆ ಕಾಗದದ ಒಂದು ಅಂಗುಲಕ್ಕೆ ನೆಲದ 660 ಅಡಿ ಅಥವಾ 20 ಸರಪಳಿ, ಆದ್ದರಿಂದ ಒಂದು ಚದರ ಅಂಗುಲಕ್ಕೆ ಸರಿಯಾಗಿ ಹತ್ತು ಎಕರೆ. ಅಳತೆಯ ಕೋಷ್ಟಕ ಬಲ್ಲ ಹುಡುಗ ತನ್ನ ತಂದೆಯ ಹೊಲವನ್ನು ಇದರಲ್ಲಿ ಗುರುತಿಸಿ ಲೆಕ್ಕ ಹಾಕಬಹುದಿತ್ತು. ಗೋಡೆಗೆ ತೂಗುಹಾಕುವ ದೇಶದ ನಕಾಶೆಯಲ್ಲಿ ಅವನ ಊರು ಒಂದು ಚುಕ್ಕೆಯಾಗಿಯೂ ಉಳಿಯುತ್ತಿರಲಿಲ್ಲವಾದ್ದರಿಂದ, ಪ್ರಮಾಣದ ಪಾಠಕ್ಕೆ ಚಾವಡಿಯ ಈ ಕಾಗದವೇ ಹೆಚ್ಚು ಯೋಗ್ಯವಾಗಿತ್ತೆನ್ನಬೇಕು.

ಗೋಡೆಯ ನಕಾಶೆಗೆ ಇನ್ನೊಂದು ತೊಡಕಿತ್ತು, ಅದು ಗಡಿಯದು. ಮರಾಠಿಯ ಪ್ರಾಬಲ್ಯವಿದ್ದ ಶಾಲೆಗಳಲ್ಲಿ ಕನ್ನಡವನ್ನು ನೆಲೆಗೊಳಿಸಲು ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರು ಶ್ರಮಿಸಿದರು, 1890ರಲ್ಲಿ ಕನ್ನಡದ ಏಳಿಗೆಗಾಗಿ ಕರ್ನಾಟಕ ವಿದ್ಯಾವರ್ಧಕ ಸಂಘವೂ ಹುಟ್ಟಿತು; ಆದರೆ ಪಾಠದ ಭಾಷೆ ಬದಲಾದರೂ ನಕಾಶೆಯ ಗಡಿ ಬದಲಾಗಲಿಲ್ಲ. 1936ರಲ್ಲಿ ಸಿಂಧ್ ಪ್ರತ್ಯೇಕವಾಗುವವರೆಗೂ ಮುಂಬಯಿ ಇಲಾಖೆಯ ನಕಾಶೆಯಲ್ಲಿ ಕರಾಚಿ ಸ್ವಂತ ಪ್ರಾಂತದ ಊರು. ಗದಗಿನ ಮಗ್ಗುಲಿನ ಕೊಪ್ಪಳ ನಿಜಾಮನದು, ತುಂಗಭದ್ರೆಯ ಆಚೆಯ ಹರಿಹರ ಮೈಸೂರಿನದು, ಬಳ್ಳಾರಿ ಮದರಾಸಿನದು. ಕನ್ನಡ ನಾಡಿನ ಏಕೀಕರಣಕ್ಕೆ ದುಡಿದ ಆಲೂರ ವೆಂಕಟರಾಯರ ತಲೆಮಾರಿನವರು ಬಯಸಿದ ಕರ್ನಾಟಕ 1956ರ ನವೆಂಬರ್ 1ರ ನಂತರವಷ್ಟೇ, ಅದೂ ಮೈಸೂರು ರಾಜ್ಯವೆಂಬ ಹೆಸರಿನಲ್ಲಿ, ಶಾಲೆಯ ಗೋಡೆಗೇರಿತು. ಅದೇ ದಶಕದಲ್ಲಿ ಮೆಟ್ರಿಕ್ ಪದ್ಧತಿ ಬಂದು, ಮೈಲಿಗೊಂದು ಅಂಗುಲದ ಸರ್ವೆ ಹಾಳೆಗಳು ಕ್ರಮೇಣ 1:50,000 ಪ್ರಮಾಣಕ್ಕೆ ತಿರುಗಿದವು. ಹೊಲದ ಮಾತಿನಲ್ಲಿ ಮಾತ್ರ ಗುಂಟೆ ಎಕರೆಗಳು ಕದಲಲಿಲ್ಲ.

ನಕಾಶೆಯನ್ನು ಬಿಟ್ಟು ನೆಲವನ್ನೇ ನೋಡಿದರೆ, ದೇಶದ ಬಗೆಬಗೆಯ ಪರಿಸರಗಳನ್ನು ಕಲಿಸಲು ಧಾರವಾಡ ಜಿಲ್ಲೆಯಷ್ಟು ಅನುಕೂಲವಾದ ನೆಲ ವಿರಳ. ಕಲಘಟಗಿಯ ಕಡೆ ಮಲೆನಾಡಿನ ಸೆರಗು, ಭತ್ತದ ಗದ್ದೆ. ನವಲಗುಂದದ ಕಡೆ ಜೋಳ, ಹತ್ತಿ ಬೆಳೆಯುವ ಎರೆ ಬಯಲು. ಮಳೆನೀರನ್ನು ಎರಡು ಕಡೆಗೆ ಹಂಚುವ ಎತ್ತರದ ನೆಲಕ್ಕೆ ಜಲವಿಭಾಜಕವೆನ್ನುತ್ತಾರೆ. ಅದು ಇಲ್ಲಿಯೇ ಹಾಯುತ್ತದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯ ಮೂಲಕ ಅರಬ್ಬಿ ಸಮುದ್ರಕ್ಕೆ ಹೋದರೆ, ಬೆಣ್ಣಿಹಳ್ಳದ ನೀರು ಮಲಪ್ರಭೆ, ಕೃಷ್ಣೆಗಳನ್ನು ಸೇರಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. 1997ರಲ್ಲಿ ಗದಗ, ಹಾವೇರಿಗಳು ಬೇರೆಯಾದಾಗ ತುಂಗಭದ್ರೆಯೂ ವರದೆಯೂ ಧಾರವಾಡ ಜಿಲ್ಲೆಯ ನಕಾಶೆಯಿಂದ ಹೊರಗುಳಿದವು. ಆದರೂ ಎರಡು ಕಡಲಿಗೆ ಹರಿಯುವ ನೀರುಗಳ ಪಾಠಕ್ಕೆ ಬೇಕಾದ ನೆಲವಂತೂ ಜಿಲ್ಲೆಯೊಳಗೇ ಉಳಿದಿದೆ.