ನಿದ್ರೆಯ ನೆಲೆ ಹುಡುಕಿದ ವೈದ್ಯ

ನಿದ್ರೆ ಎಂದರೆ ದಣಿದ ದೇಹದ ವಿಶ್ರಾಂತಿ ಎಂದಷ್ಟೇ ನಾವು ತಿಳಿಯುತ್ತೇವೆ. ಅದಕ್ಕೆ ಮಿದುಳಿನಲ್ಲಿ ಒಂದು ನೆಲೆಯಿದೆ ಎಂದು ರೋಗಿಗಳ ಅಧ್ಯಯನದಿಂದ ತೋರಿಸಿದವರು ನರರೋಗ ತಜ್ಞ ಕಾನ್‌ಸ್ಟಾಂಟಿನ್ ಫಾನ್ ಎಕನಾಮೊ.

ಗ್ರೀಕ್ ಮೂಲದ ಕುಟುಂಬದಲ್ಲಿ 1876ರಲ್ಲಿ ರುಮೇನಿಯಾದಲ್ಲಿ ಜನಿಸಿದ ಅವರು ತಂದೆಯ ಇಚ್ಛೆಯಂತೆ ಮೊದಲು ಇಂಜಿನಿಯರಿಂಗ್ ಓದಿದರು. ಆದರೆ ಮನಸ್ಸು ವೈದ್ಯಶಾಸ್ತ್ರದ ಕಡೆಗಿತ್ತು. 1901ರಲ್ಲಿ ವಿಯೆನ್ನಾದಲ್ಲಿ ವೈದ್ಯಕೀಯ ಪದವಿ ಪಡೆದರು.

ಮೊದಲನೆಯ ಮಹಾಯುದ್ಧದ ಸಮಯದಲ್ಲಿ ವಿಯೆನ್ನಾದ ಆಸ್ಪತ್ರೆಗೆ ವಿಚಿತ್ರ ರೋಗಿಗಳು ಬರತೊಡಗಿದರು. ಕೆಲವರು ಊಟ ಮಾಡುತ್ತಲೇ ನಿದ್ರೆಗೆ ಜಾರುತ್ತಿದ್ದರು. ಕೆಲವರಿಗೆ ನಿದ್ರೆಯೇ ಬರುತ್ತಿರಲಿಲ್ಲ. 1917ರಲ್ಲಿ ಎಕನಾಮೊ ಈ ರೋಗಕ್ಕೆ 'ಎನ್ಸೆಫಲೈಟಿಸ್ ಲೆಥಾರ್ಜಿಕಾ' ಎಂದು ಹೆಸರಿಟ್ಟರು. ಮೃತರ ಮಿದುಳುಗಳನ್ನು ಪರೀಕ್ಷಿಸಿದಾಗ ಒಂದು ಸತ್ಯ ಹೊರಬಿತ್ತು. ಹೈಪೋಥಲಾಮಸ್ ಎಂಬ ಭಾಗದ ಹಿಂಬದಿ ಕೆಟ್ಟವರು ಅತಿಯಾಗಿ ನಿದ್ರಿಸಿದ್ದರು. ಮುಂಬದಿ ಕೆಟ್ಟವರು ನಿದ್ರೆ ಕಳೆದುಕೊಂಡಿದ್ದರು.

ಅವರು 1931ರಲ್ಲಿ ನಿಧನರಾದರು. 1998ರಲ್ಲಿ ಅದೇ ಹೈಪೋಥಲಾಮಸ್‌ನಲ್ಲಿ ಒರೆಕ್ಸಿನ್ ಎಂಬ ರಾಸಾಯನಿಕ ಪತ್ತೆಯಾಯಿತು. ನಮ್ಮನ್ನು ಎಚ್ಚರವಾಗಿಡುವ ಈ ರಾಸಾಯನಿಕದ ಕೊರತೆಯಿಂದ ನಾರ್ಕೊಲೆಪ್ಸಿ ಎಂಬ ನಿದ್ರಾರೋಗ ಬರುತ್ತದೆಂದು ನಂತರ ತಿಳಿಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಲ್ಲೂ ಈ ಭಾಗಕ್ಕೆ ಹಾನಿಯಾದರೆ ಅಪರೂಪಕ್ಕೆ ಇಂಥ ತೊಂದರೆ ಕಾಣಿಸುತ್ತದೆ.

ಆ ಸಾಂಕ್ರಾಮಿಕದ ಕಾರಣ ಇಂದಿಗೂ ಖಚಿತವಾಗಿಲ್ಲ. ಎಕನಾಮೊ ಅದಕ್ಕೆ ಮದ್ದು ಕಂಡುಹಿಡಿಯಲಿಲ್ಲ. ಆದರೂ ರೋಗಿಯನ್ನು ಗಮನವಿಟ್ಟು ನೋಡಿ ಅವರು ಬರೆದಿಟ್ಟದ್ದು ಎಂಬತ್ತು ವರ್ಷಗಳ ನಂತರವೂ ನಿಜವೆನಿಸಿತು. ವಿಜ್ಞಾನ ಕಲಿಯುವ ನಮ್ಮ ವಿದ್ಯಾರ್ಥಿಗಳು ಇದನ್ನು ಮರೆಯಬಾರದು.